ಬಂದ ದಾರಿಯಲ್ಲಿ ತಿರುಗಿಸಬಾರದು

ನವೆಂಬರ್ ೪, ಮಂಗಳವಾರ

“ಬೈಬೇಕು ಅನ್ಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬೈದುಬಿಡು. ಅಮ್ಮನ ಮುಂದೆ ಮಾತ್ರ ಬಾಯಿ ಮುಚ್ಕೊಂಡಿರು” ಎಂದು ಕೆಳಮನೆಯ ನರ್ಸಮ್ಮ ಹೇಳಿದ್ದಕ್ಕೆ ಈ ಪುಸ್ತಕ ತಂದೆ. ಅವರು ಆಸ್ಪತ್ರೆಯ ಕೆಲಸ ಬಿಟ್ಟು ಬಹಳ ದಿನವಾಯಿತು. ಆದರೂ ಏನೇ ಹೇಳಿದರೂ ಊಟವಾದ ಮೇಲೆ ಎರಡು ಸಲ ಎನ್ನುವ ಧಾಟಿಯಲ್ಲೇ ಹೇಳುತ್ತಾರೆ. ನಾನು ಸಂಬಳಕ್ಕೆ ಬೇರೆಯವರ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋದಾಗ ಅಮ್ಮನ ಜೊತೆ ಕೂರುವವರು ಅವರೇ, ಹಾಗಾಗಿ ಅವರ ಮಾತು ಮೀರುವಂತಿಲ್ಲ.

ಸರಿ, ಬೈಯುತ್ತೇನೆ. ಬೆಳಿಗ್ಗೆ ಅಮ್ಮ ನನ್ನನ್ನು ಮತ್ತೆ “ಅಕ್ಕಾ” ಎಂದು ಕರೆದಳು. ನಾನು ಮತ್ತೆ ತಿದ್ದಿದೆ. “ಅಮ್ಮಾ, ನಾನು ನಿನ್ನ ಮಗಳು. ನಿನ್ನ ಅಕ್ಕ ತೀರ್ಕೊಂಡು ಎಷ್ಟೋ ವರ್ಷ ಆಯ್ತು.” ಅಮ್ಮ ಹಾಲಿನ ಲೋಟ ಕೆಳಗಿಟ್ಟು, ಸುದ್ದಿಯನ್ನು ಆಗಷ್ಟೇ ಕೇಳಿದವಳಂತೆ ಅತ್ತಳು. ನಿನ್ನೆಯೂ ಹೀಗೇ ಅತ್ತಿದ್ದಳು. ದೊಡ್ಡಮ್ಮನನ್ನು ದಿನಾ ಬೆಳಿಗ್ಗೆ ಸಾಯಿಸುತ್ತಿರುವವಳು ನಾನೇ. ಆದರೆ ನಾನು ಬದುಕಿದ್ದೇನಲ್ಲ, ಅದನ್ನು ಈ ಮನೆಯಲ್ಲಿ ಯಾರು ಗಮನಿಸಬೇಕು?

ಸಂಜೆ ಅಣ್ಣ ಫೋನ್ ಮಾಡಿದ. ಅವನ ಊರಿನ ವೃದ್ಧಾಶ್ರಮದಲ್ಲಿ ಒಂದು ಕೋಣೆ ಖಾಲಿಯಾಗುತ್ತದಂತೆ. ತಿಂಗಳ ಕೊನೆಯ ಭಾನುವಾರ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಾನಂತೆ. “ನೀನು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ” ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾನು ಹೂಂ ಎಂದೆ. ಫೋನ್ ಇಟ್ಟ ಮೇಲೆ ಮನಸ್ಸಿನಲ್ಲೇ ಒಂದು ಪಂಥ ಕಟ್ಟಿದೆ. ಅಷ್ಟರೊಳಗೆ ಅಮ್ಮ ಒಂದೇ ಒಂದು ಸಲ ನನ್ನನ್ನು ಮಗಳೇ ಎಂದು ಕರೆದರೆ ಕಳಿಸುವುದಿಲ್ಲ. ಕರೆಯದಿದ್ದರೆ ಹೋಗಲಿ. ನಾನು ಯಾರೆಂದೇ ತಿಳಿಯದವಳಿಗೆ ಈ ಮನೆಯಾದರೇನು, ಆ ಮನೆಯಾದರೇನು.

ನವೆಂಬರ್ ೫, ಬುಧವಾರ

ಮಂಜು. ಬೀದಿಯ ಆಚೆ ಬದಿಯ ಮನೆಗಳು ಇರಲೇ ಇಲ್ಲ, ಅವುಗಳ ಕಿಟಕಿಯ ದೀಪಗಳು ಮಾತ್ರ ಗೋಡೆಯ ಹಂಗಿಲ್ಲದೆ ನಿಂತಿದ್ದವು. ಇಂಥ ಬೆಳಗಿನಲ್ಲಿ ನನಗೆ ಪೂರ್ತಿ ಎಚ್ಚರವೂ ಆಗಿರುವುದಿಲ್ಲ. ನಾಲ್ಕು ಚೈನು ಕೈಗೆ ಸುತ್ತಿಕೊಂಡು ನಡೆಯುವಾಗ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎಂದು ಹೇಳುವುದು ಕಷ್ಟ. ನನಗೆ ಕಾಣದ ಬೀದಿಯೊಂದು ನಾಯಿಗಳ ಮೂಗಿಗೆ ಕಾಣುತ್ತಿರುತ್ತದೆ. ನಿನ್ನೆ ನಡೆದುಹೋದವರು, ಮೊನ್ನೆ ಸುರಿದ ಮಳೆ, ಗೋಡೆ ದಾಟಿದ ಬೆಕ್ಕು, ಯಾರೂ ಅಲ್ಲಿಂದ ಹೋಗಿರುವುದೇ ಇಲ್ಲ.

ಮಾಲೀಕರು ಇಟ್ಟ ಹೆಸರುಗಳು ನನ್ನ ನಾಲಿಗೆಗೆ ಹೊರಳದ ಕಾರಣ ನಾನೇ ಬೇರೆ ಇಟ್ಟಿದ್ದೇನೆ. ಗಿಡ್ಡ ಕಾಲಿನವನು ಅಮಲ್ದಾರ, ಪ್ರತಿ ಕಂಬವನ್ನೂ ತಪಾಸಣೆ ಮಾಡದೆ ಮುಂದೆ ಹೆಜ್ಜೆ ಇಡುವುದಿಲ್ಲ. ಟೈಲರಮ್ಮನ ಮನೆಯದೂ ಹಲ್ಲಿನ ಡಾಕ್ಟರ ಮನೆಯದೂ ಒಂದೇ ಸೂಲಿನ ಕಂದು ಅಣ್ಣತಮ್ಮಂದಿರು. ಟೈಲರಮ್ಮನದಕ್ಕೆ ನೀಲಿ ಕೊರಳಪಟ್ಟಿ, ಡಾಕ್ಟರದಕ್ಕೆ ಹಸಿರು. ಬೇರೆ ವ್ಯತ್ಯಾಸ ನನಗಂತೂ ಕಾಣದು. ಇನ್ನೊಬ್ಬ ದೊರೆ, ಕರುವಿನಷ್ಟು ಎತ್ತರ.

ದೊರೆಗೆ ಮನೆಗೆ ಮರಳುವುದೆಂದರೆ ಆಗದು. ತಿರುಗಿಸಿದ ಕೂಡಲೇ ನಡುಬೀದಿಯಲ್ಲಿ ಕೂತುಬಿಡುತ್ತಾನೆ. ಆಮೇಲೆ ಕ್ರೇನ್ ತರಿಸಬೇಕು. ಹೊಸಬರಾದರೆ ಎಳೆಯುತ್ತಾರೆ. ಎಳೆದಷ್ಟೂ ನಾಯಿ ಭಾರವಾಗುತ್ತದೆ. ಬಂದ ದಾರಿಯಲ್ಲಿ ತಿರುಗಿಸಬಾರದು, ಅದು ಹೊರಟ ಕಡೆಗೇ ಚೈನು ಸಡಿಲ ಬಿಟ್ಟು ನಡೆಯಬೇಕು. ಮುಂದಿನ ತಿರುವು, ಅದರ ಮುಂದಿನ ತಿರುವು ಎಂದು ಸುತ್ತಿಕೊಂಡು ಹೋದರೆ ಮನೆ ತಾನಾಗಿ ಎದುರಿಗೆ ಬರುತ್ತದೆ. ಆಗ ದೊರೆ ಹೊಸ ಊರಿಗೆ ಬಂದವನ ಹಾಗೆ ಬಾಲ ಆಡಿಸುತ್ತಾ ಒಳಗೆ ಹೋಗುತ್ತಾನೆ. ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ ಎಂದು ಅಣ್ಣ ನನ್ನ ಉದ್ಯೋಗವನ್ನು ಗೇಲಿ ಮಾಡುತ್ತಾನೆ. ಅವನನ್ನು ಒಂದು ದಿನ ದೊರೆಯ ಜೊತೆ ಕಳಿಸಬೇಕು.

ನವೆಂಬರ್ ೮, ಶನಿವಾರ

ಬರೆಯಲು ನಾಚಿಕೆಯಾಗುತ್ತಿದೆ.

ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಬಾಗಿಲು ತೆಗೆದುಕೊಂಡು ಹೊರಟುಬಿಟ್ಟಿದ್ದಳು. ಒದ್ದೆ ಕೂದಲಲ್ಲೇ ಓಡಿದೆ. ಮೂಲೆಯ ಔಷಧಿ ಅಂಗಡಿಯ ಮುಂದೆ ಸಿಕ್ಕಳು. “ಎಲ್ಲಿಗಮ್ಮಾ?” ಎಂದರೆ “ಮನೆಗೆ” ಎಂದಳು. “ಮನೆ ಈ ಕಡೆ ಇದೆ, ನಡಿ” ಎಂದು ಮುಂಗೈ ಹಿಡಿದು ತಿರುಗಿಸಿದೆ. ಅವಳು ಬರಲಿಲ್ಲ. ಎಳೆದೆ. ಅಮ್ಮ ಕಾಲೂರಿ ನಿಂತಳು. ಇಷ್ಟು ಸಣ್ಣ ಮೈಯಲ್ಲಿ ಅಷ್ಟು ಭಾರ ಎಲ್ಲಿತ್ತೋ. ಅಂಗಡಿಯವರು ನೋಡುತ್ತಿದ್ದರು. ನಾನು ಇನ್ನೂ ಜೋರಾಗಿ ಎಳೆದೆ.

ಈಗ ಅವಳ ಮುಂಗೈಯಲ್ಲಿ ನನ್ನ ಬೆರಳುಗಳ ಗುರುತಿದೆ. ನರ್ಸಮ್ಮ ಮುಲಾಮು ಹಚ್ಚಿದರು, ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಯಾರೋ ಹೆಂಗಸು ನನ್ನ ಕೈ ಹಿಡ್ದು ಎಳೆದ್ಳು ಅಕ್ಕಾ” ಎಂದು ಅಮ್ಮ ಆಮೇಲೆ ನನಗೇ ದೂರು ಹೇಳಿದಳು. ವೃದ್ಧಾಶ್ರಮದಲ್ಲಿ ತಿಳಿದವರು ಇರುತ್ತಾರೆ. ಅಲ್ಲಿಗೆ ಹೋಗುವುದೇ ಒಳ್ಳೆಯದು.

ನವೆಂಬರ್ ೧೧, ಮಂಗಳವಾರ

ಕಂದು ಅಣ್ಣತಮ್ಮಂದಿರು ಇವತ್ತು ಕೆಸರಲ್ಲಿ ಹೊರಳಾಡಿ ಕಂದು ಎಂದು ಹೇಳುವಂತೆಯೂ ಇರಲಿಲ್ಲ. ಉದ್ಯಾನದ ನಲ್ಲಿಯ ಹತ್ತಿರ ಇಬ್ಬರ ಕೊರಳಪಟ್ಟಿಯನ್ನೂ ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಹಾಕಿ, ಮನೆಗೆ ಬಿಟ್ಟು ಬಂದೆ. ಬೆನ್ನು ಬಿದ್ದುಹೋಗಿದೆ.

ನವೆಂಬರ್ ೧೨, ಬುಧವಾರ

ಎಂಥ ಕೆಲಸ ಮಾಡಿದೆ. ನಿನ್ನೆ ತೊಳೆದ ಮೇಲೆ ನೀಲಿ ಪಟ್ಟಿಯನ್ನು ಹಸಿರಿನವನಿಗೆ, ಹಸಿರನ್ನು ನೀಲಿಯವನಿಗೆ ಹಾಕಿ, ಪಟ್ಟಿಯ ಬಣ್ಣ ನೋಡಿಕೊಂಡೇ ಬಾಗಿಲು ಬಾಗಿಲಿಗೆ ಒಪ್ಪಿಸಿ ಬಂದಿದ್ದೇನೆ. ಒಂದು ರಾತ್ರಿಯಿಡೀ ಒಬ್ಬರ ನಾಯಿ ಇನ್ನೊಬ್ಬರ ಮನೆಯಲ್ಲಿತ್ತು. ಬೆಳಿಗ್ಗೆ ಹೋದಾಗ ಟೈಲರಮ್ಮ ಬಾಗಿಲಲ್ಲೇ ನಿಂತು ನಗುತ್ತಿದ್ದರು. “ಇದು ನಮ್ಮದಲ್ಲ ಅಲ್ವಾ? ನಮ್ಮದಕ್ಕೆ ಕಿವಿ ಒಳಗೊಂದು ಮಚ್ಚೆ ಇದೆ.”

“ಗೊತ್ತಾಗಿದ್ರೆ ನಿನ್ನೆಯೇ ಫೋನ್ ಮಾಡೋದಲ್ವಾ?” ಎಂದೆ.

“ಮಾಡೋಣ ಅಂತಾನೇ ಇದ್ದೆ. ಆದ್ರೆ ನಮ್ಮದರ ಹೆಸರು ಹಿಡಿದು ಕರೆದೆ ನೋಡಿ, ಎದ್ದು ಬಂತು. ತನ್ನ ಹೆಸರಲ್ಲ ಅಂತ ಅದಕ್ಕೆ ಗೊತ್ತು. ನನ್ನ ಕಾಲ ಹತ್ರ ನಮ್ಮದು ಕೂರೋ ಜಾಗದಲ್ಲೇ ಕೂತ್ಕೊಳ್ತು. ಪಾಪ, ನಮಗೆ ಬೇಜಾರಾಗಬಾರ್ದು ಅಂತ. ಆಮೇಲೆ ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ.”

ಡಾಕ್ಟರ ಮನೆಯಲ್ಲಿ ಯಾರಿಗೂ ಏನೂ ಗೊತ್ತೇ ಆಗಿರಲಿಲ್ಲ. ಗೇಟಿನ ಬಳಿ ಪಟ್ಟಿ ಬದಲಿಸಿಬಿಟ್ಟೆ. ನೀಲಿಯವನಾಗಿದ್ದವನು ಹಸಿರಿನವನಾಗಿ ಒಂದು ಸಲ ಮೈ ಕೊಡವಿಕೊಂಡ, ಅಷ್ಟೆ. ಕೆಲಸ ಹೋಗದಿದ್ದುದು ನನ್ನ ಪುಣ್ಯ.

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ಅಮ್ಮ ಅಕ್ಕಾ ಎಂದಳು. ತಿದ್ದಲಿಲ್ಲ. ತಡವಾಗಿತ್ತು, ನಾಯಿಗಳು ಕಾಯುತ್ತಿದ್ದವು. ಅವಳು ಅಳಲಿಲ್ಲ. ಹಾಲು ಪೂರ್ತಿ ಕುಡಿದಳು.

ನವೆಂಬರ್ ೧೭, ಸೋಮವಾರ

ಮಧ್ಯಾಹ್ನ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಕಿಟಕಿಯ ಬಿಸಿಲು ಅವಳ ಮಡಿಲಿಂದ ಜಾರಿ ನೆಲಕ್ಕೆ ಇಳಿಯುವವರೆಗೂ ನೋಡುತ್ತಾ ಕೂತಿದ್ದೆ. ನಾಯಿಗಳು ಕನಸಿನಲ್ಲಿ ಓಡುವಾಗ ಪಾದ ಅಲ್ಲಾಡಿಸುತ್ತವೆ. ಅಮ್ಮನ ಬೆರಳುಗಳೂ ಹಾಗೇ ಅಲ್ಲಾಡುತ್ತಿದ್ದವು. ಓಡುತ್ತಿರುವ ನಾಯಿಯನ್ನು ಎಬ್ಬಿಸಬಾರದು, ಅದು ಎಲ್ಲಿಗೆ ಹೋಗಬೇಕೋ ಹೋಗಿ ತಾನೇ ಬರಬೇಕು.

ಎಚ್ಚರವಾದ ಮೇಲೆ, “ನನ್ನನ್ನ ಶಾಲೆಗೆ ಕರ್ಕೊಂಡು ಹೋಗ್ತಿದ್ದದ್ದು ನೆನಪಿದ್ಯಾ ಅಕ್ಕಾ?” ಎಂದಳು.

“ಇದೆ” ಎಂದೆ.

“ಸೇತುವೆ ಮೇಲೆ ನಂಗೆ ಭಯ ಆಗ್ತಿತ್ತು. ಕೆಳಗೆ ನೀರು ಕಾಣಿಸ್ತಿತ್ತಲ್ಲ, ಹಲಗೆ ಸಂದೀಲಿ.”

“ಹೌದು. ನಾನು ಕೈ ಹಿಡ್ಕೊಳ್ತಿದ್ದೆ.”

“ಸುಳ್ಳಿ” ಎಂದು ಅಮ್ಮ ನಕ್ಕಳು. “ನೀನು ಕೈ ಎಲ್ಲಿ ಹಿಡ್ಕೊಳ್ತಿದ್ದೆ? ಮುಂದೆ ಮುಂದೆ ಹಾಡ್ತಾ ಹೋಗ್ತಿದ್ದೆ. ಹಾಡು ಕೇಳ್ಕೊಂಡು ನಾನು ಹಿಂದೆ ಬರ್ತಿದ್ದೆ.”

ನನಗೆ ಈ ಸೇತುವೆಯ ವಿಷಯವೇ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ತಾನೂ ಹಲಗೆಯ ಸಂದಿಗೆ ಹೆದರುವ ಹುಡುಗಿಯಾಗಿದ್ದೆನೆಂದು ಅಮ್ಮ ಮಗಳಿಗೆ ಹೇಳಿರಲೇ ಇಲ್ಲ. ಹೇಳುವುದಾದರೂ ಹೇಗೆ, ಮಕ್ಕಳ ಮುಂದೆ ಯಾವ ತಾಯಿ ಹೆದರುತ್ತಾಳೆ. ಏನು ಹಾಡು ಎಂದು ಕೇಳಬೇಕಿತ್ತು. ಆದರೆ ಹಾಡುತ್ತಿದ್ದವಳು ನಾನೇ ಆದ್ದರಿಂದ ಕೇಳುವಂತಿರಲಿಲ್ಲ.

ನವೆಂಬರ್ ೨೨, ಶನಿವಾರ

ಮತ್ತೆ ಮಂಜು, ಈ ಸಲ ಸಂಜೆಗೇ ಇಳಿದಿತ್ತು. ಉಳಿದವರನ್ನು ಬಿಟ್ಟು ದೊರೆಯೊಬ್ಬನ ಜೊತೆ ನಮ್ಮ ಬೀದಿಯ ಮೂಲೆಗೆ ಬಂದಾಗ ಎದುರಿಗೆ ಅಮ್ಮ ನಡೆದು ಬರುತ್ತಿದ್ದಳು. ನರ್ಸಮ್ಮ ಒಲೆ ಆರಿಸಲು ಕೆಳಗೆ ಹೋಗಿ ಬರುವಷ್ಟರಲ್ಲಿ ಹೊರಟಿದ್ದಾಳೆ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ. ಮುಖದಲ್ಲಿ ಗಾಬರಿಯೇನೂ ಇರಲಿಲ್ಲ, ಎಲ್ಲೋ ಕರೆದಿದ್ದಾರೆ, ಹೋಗುತ್ತಿದ್ದೇನೆ ಎನ್ನುವ ಹಾಗಿದ್ದಳು.

“ಮನೆಗೆ ಹೊರಟೆ ಅಕ್ಕಾ. ಕತ್ತಲಾಗ್ತಿದೆ, ನೀನೂ ಬಾ” ಎಂದಳು.

“ಬಂದೆ” ಎಂದೆ. ನನ್ನ ಚಪ್ಪಲಿಯೊಂದನ್ನು ಅವಳ ಬರಿಗಾಲಿಗೆ ಹಾಕಿದೆ. ಈಗ ಇಬ್ಬರಿಗೂ ಸೇರಿ ಒಂದೂವರೆ ಜೊತೆ. ದೊರೆಯೂ ಹೇಗಿದ್ದರೂ ಮನೆಯ ಕಡೆ ತಿರುಗುವವನಲ್ಲ. ಅದಕ್ಕೇ ಮೂವರೂ ಮುಂದಕ್ಕೇ ನಡೆದೆವು. ಅಮ್ಮ ದೊರೆಯ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು, ಅವನು ಅವಳ ನಡಿಗೆಗೆ ತನ್ನದನ್ನು ಹೊಂದಿಸಿಕೊಂಡ. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಅಮ್ಮ ಯಾರ ಯಾರದೋ ಮನೆ ತೋರಿಸಿ, ಇದು ಮೇಷ್ಟ್ರ ಮನೆ, ಇದು ಕಮ್ಮಾರನದು ಎಂದು ಹೇಳುತ್ತಾ ಬಂದಳು. ಆ ಜಾಗದಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯೂ ಒಂದು ಮುಚ್ಚಿದ ಗ್ಯಾರೇಜೂ ಇದ್ದವು. ನಾನು ಹೂಂಗುಟ್ಟಿದೆ. ಮಂಜಿನಲ್ಲಿ ನನಗೂ ಕಮ್ಮಾರನ ಮನೆಯೇ ಕಂಡ ಹಾಗಾಯಿತು. ಯಾವುದೋ ಹಾಡನ್ನು ಗುನುಗುತ್ತಿದ್ದೆನಂತೆ, ಅಮ್ಮ ಆಮೇಲೆ ಹೇಳಿದಳು.

ದೊರೆಯನ್ನು ಅವನ ಮನೆಗೆ ಬಿಟ್ಟು, ಹಿಂದಿನ ಬೀದಿಯಿಂದ ಸುತ್ತಿಕೊಂಡು ನಮ್ಮ ಗೇಟಿಗೆ ಬಂದೆವು. ಅಮ್ಮ ತಲೆಯೆತ್ತಿ ದೀಪ ಹತ್ತಿದ್ದ ನಮ್ಮ ಕಿಟಕಿಯನ್ನು ನೋಡಿದಳು. “ಬಂದ್ವಿ. ಇದೇ” ಎಂದು ನನಗಿಂತ ಮುಂದೆ ಮೆಟ್ಟಿಲು ಹತ್ತಿದಳು. ನರ್ಸಮ್ಮ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದರು. ಅವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ಬರಿಗಾಲಿಗೆ ಗಾಜು ಚುಚ್ಚಿದ್ದು ಗೊತ್ತಾಗಲೇ ಇಲ್ಲ.

ನವೆಂಬರ್ ೨೫, ಮಂಗಳವಾರ

ಮೂರು ದಿನದಿಂದ ಅಮ್ಮನೂ ಬೆಳಗಿನ ವಾಕಿಂಗಿಗೆ ಬರುತ್ತಿದ್ದಾಳೆ. ಗಾಜು ಚುಚ್ಚಿದ ಕಾಲಲ್ಲಿ ನನಗೂ ವೇಗವಾಗಿ ನಡೆಯಲು ಆಗುತ್ತಿಲ್ಲ, ಅವಳು ಬಂದರೆ ಎಲ್ಲ ಸರಿಹೊಂದುತ್ತದೆ. ಅಮಲ್ದಾರನ ಚೈನು ಅವಳ ಕೈಗೆ ಕೊಟ್ಟಿದ್ದೇನೆ. ಇಬ್ಬರಿಗೂ ಕಂಬಗಳ ಮೇಲೆ ಒಂದೇ ಬಗೆಯ ಆಸಕ್ತಿ. ಅಮ್ಮ ಅವುಗಳ ಮೇಲೆ ಅಂಟಿಸಿದ ಬಾಡಿಗೆ ಮನೆಯ ಜಾಹೀರಾತನ್ನೆಲ್ಲ ಓದಿ ಮುಗಿಸುವವರೆಗೆ ಅಮಲ್ದಾರನದೂ ಮುಗಿಯುವುದಿಲ್ಲ. ಹಲ್ಲಿನ ಡಾಕ್ಟರು “ಇತ್ತೀಚೆಗೆ ಯಾಕೋ ತಡ ಮಾಡ್ತಿದ್ದೀರಿ” ಎಂದರು. ಮಾಡುತ್ತಿದ್ದೇನೆ. ನಾಯಿಗಳು ಯಾವುವೂ ದೂರು ಹೇಳಿಲ್ಲ.

ಅಣ್ಣ ಎರಡು ಸಲ ಫೋನ್ ಮಾಡಿದ್ದನಂತೆ, ನೋಡಿಯೇ ಇರಲಿಲ್ಲ. ಸಂಜೆ ಮೂರನೆಯ ಸಲಕ್ಕೆ ಸಿಕ್ಕಿದೆ. “ಈಗಲಾದ್ರೂ ಗುರುತು ಹಿಡಿತಾಳಾ?” ಎಂದು ಕೇಳಿದ.

“ಯಾರನ್ನ?” ಎಂದೆ.

“ನಿನ್ನನ್ನ ಕಣೇ.”

“ಹೂಂ, ಹಿಡಿತಾಳೆ” ಎಂದೆ. ಅವಳು ಬೀದಿಯ ಆ ತುದಿಯಿಂದಲೇ ನನ್ನನ್ನು ಕಂಡು ಕೈ ಬೀಸುತ್ತಾಳಲ್ಲ. ಮತ್ತಿನ್ನೇನು ಗುರುತು ಹಿಡಿಯುವುದು.

ಬಟ್ಟೆ ಜೋಡಿಸಬೇಕು. ನಾಳೆ.

ನವೆಂಬರ್ ೨೯, ಶನಿವಾರ

ನಾಳೆ ಅಣ್ಣ ಬರುತ್ತಾನೆ.

ಇವತ್ತು ಬೆಳಿಗ್ಗೆ ಉದ್ಯಾನದ ಹುಲ್ಲಿನ ಮೇಲೆ ಇಬ್ಬನಿ ಎಷ್ಟಿತ್ತೆಂದರೆ ನಾಯಿಗಳು ಓಡಿದ ದಾರಿಯೆಲ್ಲ ಹಸಿರು ಗೆರೆಯಾಗಿ ಉಳಿದಿತ್ತು. ಅಮ್ಮ ಬೆಂಚಿನ ಮೇಲೆ ಕೂತು ಆ ಗೆರೆಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದಳು. ಬಿಸಿಲು ಬಂದು ಒಂದೊಂದೇ ಗೆರೆ ಅಳಿಸಿಹೋಯಿತು. ಅಲ್ಲಿಯವರೆಗೂ ಕೂತಿದ್ದೆವು. ನಾನು ಒಪ್ಪಿಕೊಂಡ ದಿನ ನನಗೇನಾಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಆಯಾಸವಾಗಿತ್ತು, ನಿಜ. ಈಗಲೂ ಆಯಾಸವಾಗಿದೆ. ಹೂಂ ಎಂದವಳು ಈಗ ಉಹೂಂ ಎಂದರೆ ಅಣ್ಣ ಏನೆಂದುಕೊಳ್ಳುತ್ತಾನೋ. ಅವನು ಆ ಕೋಣೆಗಾಗಿ ಎಷ್ಟು ಜನರ ಕೈಕಾಲು ಹಿಡಿದಿದ್ದಾನೋ.

ಮಂಚದ ಕೆಳಗಿಂದ ಚೀಲ ತೆಗೆದಿಟ್ಟೆ. ನಾಲ್ಕು ಬಟ್ಟೆ ತುಂಬಿದೆ. ಅಮ್ಮ ಅವನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು.

ನವೆಂಬರ್ ೩೦, ಭಾನುವಾರ

ಅಣ್ಣ ಊಟದ ಹೊತ್ತಿಗಿಂತ ಮುಂಚೆಯೇ ಬಂದ. ಬಾಗಿಲು ತೆಗೆದ ಕೂಡಲೇ ಅಮ್ಮ, “ಬಂದ್ಯಾ ಮಗಾ, ಎಷ್ಟು ಸೊರಗಿದ್ದೀಯಲ್ಲೋ” ಎಂದು ಅವನ ಕೆನ್ನೆ ಸವರಿದಳು. ಅವನನ್ನು ಗುರುತಿಸಿದಳು. ವರ್ಷಕ್ಕೊಮ್ಮೆ ಮುಖ ತೋರಿಸುವವನನ್ನು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅದರ ಮೇಲೆ ನನ್ನ ಕಡೆ ಕೈ ತೋರಿಸಿ, “ದೊಡ್ಡಮ್ಮನ್ನ ಮಾತಾಡ್ಸು” ಎಂದಳು. ಅಣ್ಣ ನನ್ನ ಮುಖ ನೋಡಿದ. ನಗಬೇಕೋ ಅಳಬೇಕೋ ತಿಳಿಯದೆ “ಚೆನ್ನಾಗಿದ್ದೀರಾ” ಎಂದ.

“ಇದ್ದೀನಪ್ಪಾ” ಎಂದೆ.

ಅಣ್ಣನೇ ಬಟ್ಟೆ ಜೋಡಿಸಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ಒಂದೊಂದನ್ನೂ ಮಡಿಸಿ ಮಡಿಸಿ ಇಡುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

“ಏಳಮ್ಮಾ, ಹೊರಡೋಣ” ಎಂದ ಅಣ್ಣ.

“ಎಲ್ಲಿಗೆ?”

“ನಮ್ಮೂರಿಗೆ. ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ.”

“ಈಗ ಆಗಲ್ಲ ಮಗಾ” ಎಂದಳು ಅಮ್ಮ. ಬಹಳ ಸಮಾಧಾನವಾಗಿ, ಅಂಗಡಿಗೆ ಬಂದವರಿಗೆ ಇವತ್ತು ಮುಗಿದಿದೆ ಎಂದು ಹೇಳುವಂತೆ ಹೇಳಿದಳು. “ನನ್ನ ಮಗಳು ಇನ್ನೂ ಬಂದಿಲ್ಲ.”

ಅಣ್ಣ ಚೀಲ ಹಿಡಿದುಕೊಂಡೇ ನಿಂತ. ನಾನು ನಲ್ಲಿ ನಿಲ್ಲಿಸಿದೆ.

“ನಾಯಿಗಳನ್ನ ಕರ್ಕೊಂಡು ಹೋಗಿದ್ದಾಳೆ. ಎಲ್ಲವನ್ನೂ ಅವವುಗಳ ಮನೆಗೆ ಬಿಟ್ಟು ಆಮೇಲೆ ಅವಳು ಬರ್ಬೇಕು. ಅಷ್ಟು ಹೊತ್ತಿಗೆ ಸುಸ್ತಾಗಿ ಹೋಗಿರ್ತಾಳೆ. ಬಂದಾಗ ಇಲ್ಲಿ ಯಾರೂ ಇಲ್ಲ ಅಂದ್ರೆ? ಊರೋರನ್ನೆಲ್ಲ ಮನೆ ಸೇರಿಸೋಳಿಗೆ ಬಾಗಿಲು ತೆಗೆಯೋಕೆ ಒಬ್ಬರು ಬೇಡ್ವಾ? ದಿನಾ ನಾನೇ ತೆಗೆಯೋದು.”

ದಿನಾ ನಾನು ಬೀಗದ ಕೈ ಹಾಕಿ ನಾನೇ ಬಾಗಿಲು ತೆಗೆದುಕೊಂಡು ಬರುತ್ತೇನೆ. ಅಮ್ಮ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿರುತ್ತಾಳೆ. ಸುಮ್ಮನೆ ಕೂತಿದ್ದಾಳೆಂದು ಇಷ್ಟು ದಿನ ತಿಳಿದಿದ್ದೆ.

“ಅಕ್ಕಾ” ಎಂದು ಅಮ್ಮ ಅಡುಗೆಮನೆಯ ಕಡೆ ತಿರುಗಿದಳು. “ಗೇಟಿನ ತನಕ ಹೋಗಿ ನೋಡು, ಬಂದ್ಳಾ ಅಂತ.”

ಕೈ ಒರೆಸಿಕೊಂಡು ಹೊರಟೆ. ಬಾಗಿಲನ್ನು ಹಿಂದಿನಿಂದ ಮುಚ್ಚಿಕೊಂಡು ಮೆಟ್ಟಿಲು ಇಳಿದು ಗೇಟಿನವರೆಗೂ ನಿಜಕ್ಕೂ ಹೋದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ತೆಳ್ಳಗೆ ಹರಡಿತ್ತು. ಆ ತುದಿಯಿಂದ ಈ ತುದಿಯವರೆಗೂ ನೋಡಿದೆ, ಅವಳು ಬರಲಿ ಎಂದು ನಾನೂ ಕಾಯುತ್ತಿರುವ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆಮೇಲೆ ಮೇಲೆ ಹೋಗಿ ಬಾಗಿಲು ತಟ್ಟಿದೆ.

ಒಳಗಿಂದ ಅಣ್ಣನ ಹೆಜ್ಜೆ ಕೇಳಿಸಿತು. “ನೀನು ಇರು, ನಾನು ತೆಗೀತೀನಿ” ಎಂದ ಅಮ್ಮನ ದನಿಯೂ ಕೇಳಿಸಿತು. ಚಿಲಕ ತೆಗೆಯಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು. ಬಾಗಿಲು ತೆರೆಯಿತು.

“ಬಂದ್ಳಾ?” ಎಂದಳು.

“ಬಂದಿದ್ದಾಳೆ.”

“ಮತ್ತೆ ಹೊರಗೇ ನಿಲ್ಲಿಸಿದ್ದೀಯಲ್ಲ ಅಕ್ಕಾ. ಒಳಗೆ ಕರ್ಕೊಂಡು ಬಾ.”

ಒಳಗೆ ಬಂದೆ. “ಅಣ್ಣಾ, ಉಹೂಂ ಕಣೋ” ಎಂದೆ. ಅಣ್ಣ ಚೀಲವನ್ನು ಮಂಚದ ಕೆಳಗೆ ತಳ್ಳಿದ. ಮೂವರೂ ಊಟ ಮಾಡಿದೆವು. ಅಮ್ಮ ನಾಲ್ಕು ತಟ್ಟೆ ಇಟ್ಟಿದ್ದಳು, ಯಾರೂ ತೆಗೆಯಲಿಲ್ಲ. ಸಂಜೆ ಅಣ್ಣ ಒಬ್ಬನೇ ಹೋದ.